ಗುಂಯ್ ಎನ್ನುವ ಸಾಕ್ಷಿ

ಮನೆಯಲ್ಲಿ ಎಲ್ಲರೂ ಸುಮ್ಮನಾದ ಮೇಲೂ ಒಂದು ಸದ್ದು ಉಳಿದಿರುತ್ತದೆ. ಟಿವಿ ಆರಿಸಿ, ಕುಕ್ಕರ್ ಇಳಿಸಿ, ಮಾತು ನಿಲ್ಲಿಸಿ ಕಿವಿಗೊಟ್ಟರೆ ಮಾತ್ರ ಕೇಳುವ ಸದ್ದು. ಫ್ರಿಜ್ಜಿನ ಬೆನ್ನಿನಿಂದ, ಮೀಟರ್ ಬೋರ್ಡಿನ ಎದೆಯಿಂದ, ತಲೆಯ ಮೇಲೆ ತಿರುಗುವ ಫ್ಯಾನಿನ ಹೊಟ್ಟೆಯಿಂದ ಹೊರಡುವ ಒಂದು ಸಣ್ಣ ಗುಂಯ್. ಹುಬ್ಬಳ್ಳಿಯ ನೀಲವ್ವ ಹೂಲಿ ಆ ಗುಂಯ್ ಅನ್ನು ದೇವರಂತೆ ನಂಬಿ ಹನ್ನೊಂದು ತಿಂಗಳು ಕೆಲಸ ಮಾಡಿದ್ದಳು. ಒಂದು ಮಂಗಳವಾರ ಅದೇ ಗುಂಯ್ ಅವಳ ಸ್ವಂತ ಅಕ್ಕನ ಊಟ ಬಿಡಿಸಿತು.

ಆ ಹೊತ್ತಿಗೆ ಕಾಲ ಎಲ್ಲಿಗೆ ಬಂದು ನಿಂತಿತ್ತೆಂದರೆ, ಫೋಟೋ ನೋಡಿ ಮನುಷ್ಯನನ್ನು ನಂಬುವುದನ್ನು ಜನ ಬಿಟ್ಟು ಐದಾರು ವರ್ಷ ಆಗಿತ್ತು. ಮುಖವನ್ನು ಯಂತ್ರ ಬರೆಯುತ್ತಿತ್ತು, ದನಿಯನ್ನು ಯಂತ್ರ ನೇಯುತ್ತಿತ್ತು, ವಿಡಿಯೋದಲ್ಲಿ ನಕ್ಕು ಕೈಬೀಸುವವನೂ ಯಂತ್ರವೇ ಇರಬಹುದಿತ್ತು. ದುಡ್ಡಿದ್ದವರು ಸೇರುವ ದೊಡ್ಡ ತಾಣಗಳಲ್ಲಿ ಕಣ್ಣಿನ ಪಾಪೆ ತೋರಿಸಿ, ಬೆರಳು ಒತ್ತಿ ಒಳಗೆ ಹೋಗಬೇಕು. ಪುಕ್ಕಟೆ ತಾಣಗಳಿಗೆ ಅಂಥ ಬಾಗಿಲು ಕಟ್ಟಿಸುವ ಶಕ್ತಿ ಎಲ್ಲಿಂದ ಬರಬೇಕು? ಹುಬ್ಬಳ್ಳಿಯಲ್ಲಿ ಹೊಲಿಗೆ ಮಷೀನು ರಿಪೇರಿ ಅಂಗಡಿಯ ಮಾಳಿಗೆಯ ಮೇಲೆ ನಡೆಯುತ್ತಿದ್ದ ‘ಜೋಡಿಕಟ್ಟೆ’ ಅಂಥದೊಂದು ಪುಕ್ಕಟೆ ತಾಣ. ಗಂಡ ಸತ್ತವರು, ಹೆಂಡತಿ ಬಿಟ್ಟವರು, ಮದುವೆಯ ವಯಸ್ಸು ಯಾವಾಗ ದಾಟಿತೋ ಗೊತ್ತೇ ಆಗದವರು ಬಂದು ಕೂತು ನಾಲ್ಕು ಮಾತಾಡಲಿ ಎಂದು ಕಟ್ಟಿದ್ದು. ಆದರೆ ದಿನಕ್ಕೆ ಹತ್ತು ಜನ ಹೊಸಬರು ಬಂದರೆ ಅದರಲ್ಲಿ ಏಳು ಖೋಟಾ. ಹಡಗಿನ ಕ್ಯಾಪ್ಟನ್ನು, ಯುದ್ಧದಲ್ಲಿ ಸಿಕ್ಕಿಬಿದ್ದ ಡಾಕ್ಟರು, ‘ಈ ಲಿಂಕ್ ಒತ್ತಿದರೆ ನನ್ನ ಇನ್ನಷ್ಟು ಫೋಟೋ ಸಿಗುತ್ತವೆ’ ಎನ್ನುವ ಚೆಲುವೆ.

ನೀಲವ್ವ ಅಲ್ಲಿಗೆ ಬಂದದ್ದು ಇಂಥ ಖೋಟಾಗಳ ಮೇಲಿನ ಸಿಟ್ಟಿನಿಂದ. ಅದಕ್ಕೂ ಮೊದಲು ಅವಳು ಹದಿನೆಂಟು ವರ್ಷ ವಿದ್ಯುತ್ ಹಂಚಿಕೆ ಕೇಂದ್ರದ ನಿಯಂತ್ರಣ ಕೋಣೆಯಲ್ಲಿ ಗೋಡೆಯಷ್ಟು ದೊಡ್ಡ ಪರದೆಯ ಮುಂದೆ ಕೂತು ಒಂದೇ ಒಂದು ಅಂಕಿಯನ್ನು ಕಾಯುತ್ತಿದ್ದವಳು. ಐವತ್ತು. ತಂತಿಯೊಳಗಿನ ಕರೆಂಟು ಸೆಕೆಂಡಿಗೆ ಐವತ್ತು ಸಲ ತುಯ್ಯುತ್ತದೆ. ಆದರೆ ಸರಿಯಾಗಿ ಐವತ್ತಲ್ಲ. ಎಲ್ಲೋ ಒಂದು ಕಾರ್ಖಾನೆ ಶುರುವಾದರೆ ಕೂದಲೆಳೆಯಷ್ಟು ಕೆಳಗೆ, ಎಲ್ಲೋ ಪಂಪ್‌ಸೆಟ್ಟು ನಿಂತರೆ ಕೂದಲೆಳೆಯಷ್ಟು ಮೇಲೆ. ಆ ಏರಿಳಿತ ದೇಶದ ತುಂಬ ಒಂದೇ ಕ್ಷಣಕ್ಕೆ ಒಂದೇ ರೀತಿ. ಮತ್ತು ಒಮ್ಮೆ ಬಂದ ಏರಿಳಿತ ಇನ್ನೊಮ್ಮೆ ಹಾಗೆಯೇ ಬರುವುದಿಲ್ಲ.

ಒಂದು ಸಂಜೆ ಮಿರ್ಚಿ ಬಜ್ಜಿ ತಿನ್ನುತ್ತ ಈ ಮಾತನ್ನು ಅವಳು ಸುಮ್ಮನೆ ಹೇಳಿದ್ದಳು. ಜೋಡಿಕಟ್ಟೆಯ ಎಂಜಿನಿಯರ್ ಅಶ್ಫಾಕ್ ನದಾಫನ ಕೈಯಲ್ಲಿದ್ದ ಮಿರ್ಚಿ ಅಲ್ಲೇ ನಿಂತಿತು.

“ಮೇಡಂ, ತಡೀರಿ. ಅಂದ್ರ ಮನ್ಯಾಗ ಕೂತು ಫೋನ್‌ನ್ಯಾಗ ಮಾತಾಡಿದ್ರ, ಆ ಗುಂಯ್ ಅನ್ನೋದು ದನಿ ಹಿಂದ ಬಂದಿರತೈತಿ?”

“ಬಂದ ಬಂದಿರತೈತಿ.”

“ಅದನ್ನ ನಿಮ್ಮ ಐವತ್ತರ ಲೆಕ್ಕದ ಜೋಡಿ ಹೊಂದಿಸಿ ನೋಡಿದ್ರ, ಈ ಮನುಷ್ಯಾ ಇದ ಕ್ಷಣಕ್ಕ, ಖರೇನ ಒಂದು ಮನ್ಯಾಗ ನಿಂತು ಮಾತಾಡ್ಯಾನ ಅಂತ ಗೊತ್ತಾಗತೈತಿ! ಯಂತ್ರ ಮಾಡಿದ ದನಿಗೆ ಗುಂಯ್ ಎಲ್ಲಿಂದ ಬರಬೇಕ್ರೀ?”

“ಖಾರ ಹತ್ತಿದ್ರ ನೀರು ಕುಡಿ. ಹಂಗ್ಯಾಕ ಒದರ್ತಿ?”

ಎರಡು ತಿಂಗಳಲ್ಲಿ ಯಂತ್ರ ತಯಾರಾಯಿತು. ಹೊಸದಾಗಿ ಸೇರುವವರು ಒಂದು ನಿಮಿಷ ತಮ್ಮ ಬಗ್ಗೆ ಮಾತಾಡಬೇಕು. ಗುಂಯ್ ಹೊಂದಿದರೆ ಹಸಿರು, ಹೊಂದದಿದ್ದರೆ ಕೆಂಪು. ಹಳಬರಿಗೂ ಸರದಿಯ ಮೇಲೆ ಇದೇ ಪರೀಕ್ಷೆ. ಮೂರು ಸಲ ಕೆಂಪಾದರೆ ನೀಲವ್ವ ಕೇಳಿ ನೋಡಿ ಅಳಿಸಿಬಿಡಬೇಕು. ಅಳಿಸಿದ ಕೂಡಲೆ ಆ ಪ್ರೊಫೈಲಿನ ಜೊತೆ ಮಾತಾಡುತ್ತಿದ್ದವರಿಗೆ ಒಂದು ಸಂದೇಶ ಹೋಗುತ್ತಿತ್ತು. ಅದರ ವಾಕ್ಯವನ್ನು ನೀಲವ್ವ ತಾನೇ ಬರೆದಿದ್ದಳು: ‘ನೀವು ಮಾತಾಡುತ್ತಿದ್ದವರು ಮನುಷ್ಯರಲ್ಲ. ದಯವಿಟ್ಟು ಮರೆತುಬಿಡಿ.’

ಆ ಮಂಗಳವಾರ ಮೂರನೆಯ ಕೆಂಪು ಬಿದ್ದದ್ದು ‘ಕೆರಿದಂಡಿ’ ಎಂಬ ಹೆಸರಿನ ಹಳೆಯ ಪ್ರೊಫೈಲಿಗೆ. ನೀಲವ್ವ ಹೆಡ್‌ಫೋನ್ ಹಾಕಿಕೊಂಡಳು. ಮೊದಲು ಗಾಳಿ. ಆಮೇಲೆ ಒಂದು ಹಕ್ಕಿ. ಆಮೇಲೆ ನಿಧಾನವಾದ, ಸ್ವಲ್ಪ ಒರಟು ದನಿ:

“ನಮಸ್ಕಾರ್ರೀ. ನಾನು ದ್ಯಾಮಪ್ಪ ಕಮಡೊಳ್ಳಿ. ಕುಂದಗೋಳದ ಕಡೆ ಹಳ್ಳಿ. ವಯಸ್ಸು ಅರವತ್ತೊಂದು. ದನದ ದವಾಖಾನ್ಯಾಗ ಕಂಪೌಂಡರ್ ಇದ್ದೆ, ಈಗ ರಿಟೈರ್. ಮನಿಯವರು ತೀರಿಕೊಂಡು ಒಂಬತ್ತು ವರ್ಷ ಆತ್ರೀ. ಎಮ್ಮಿಗೆ ಸೂಜಿ ಚುಚ್ಚೂ ಮುಂದ ಅದರ ಕಿವ್ಯಾಗ ಮಾತಾಡಬೇಕ್ರೀ, ಅಂದ್ರ ಒದಿಯೂದಿಲ್ಲ. ಅದೊಂದು ವಿದ್ಯಾ ನನಗ ಬರತೈತಿ...”

ನೀಲವ್ವನಿಗೆ ನಗು ಬಂತು. ಮರುಕ್ಷಣವೇ ನಗು ಬಂದದ್ದಕ್ಕೆ ಸಿಟ್ಟೂ ಬಂತು. ನಗಿಸಲಿಕ್ಕೆ ಆ ಖೋಟಾ ಹಡಗಿನ ಕ್ಯಾಪ್ಟನ್ನುಗಳಿಗೂ ಗೊತ್ತು. ಪರದೆಯ ಮೇಲೆ ಗುಂಯ್‌ನ ಜಾಗದಲ್ಲಿ ಅಡ್ಡಗೆರೆ ಸತ್ತು ಮಲಗಿತ್ತು. ಒಂದು ಎಳೆಯೂ ಇಲ್ಲ. ಅಳಿಸು ಎಂಬಲ್ಲಿ ಬೆರಳಿಟ್ಟಳು.

*

ಮನೆಗೆ ಬಂದಾಗ ಅಕ್ಕ ಕಸ್ತೂರಿ ರೊಟ್ಟಿಯ ಬುಟ್ಟಿಯ ಮುಂದೆ ಕೂತಿದ್ದಳು. ರೊಟ್ಟಿ ಬಡಿದಿದ್ದಳು, ಬದನೆಕಾಯಿ ಪಲ್ಯ ಮಾಡಿದ್ದಳು, ತಟ್ಟೆ ಒಂದೇ ಇಟ್ಟಿದ್ದಳು.

“ನಿನ್ನ ತಾಟು?”

“ಹಸಿವಿಲ್ಲ.”

ಕಸ್ತೂರಕ್ಕನಿಗೆ ಹಸಿವಿಲ್ಲ ಎಂಬ ಮಾತನ್ನು ನೀಲವ್ವ ತನ್ನ ಜೀವಮಾನದಲ್ಲಿ ಅದಕ್ಕೆ ಮೊದಲು ಒಂದೇ ಸಲ ಕೇಳಿದ್ದಳು. ಮೂರು ವರ್ಷದ ಹಿಂದೆ. ಗಂಡ ಸತ್ತು ಹನ್ನೆರಡು ವರ್ಷ ಒಬ್ಬಳೇ ಇದ್ದ ಐವತ್ತೊಂದರ ಹೆಂಗಸು ಬೇರಾವುದೋ ತಾಣದಲ್ಲಿ ಪರಿಚಯವಾದ ಕ್ಯಾಪ್ಟನ್ ಒಬ್ಬನನ್ನು ಎದುರುಗೊಳ್ಳಲು ಹುಬ್ಬಳ್ಳಿ ಸ್ಟೇಷನ್ನಿಗೆ ಹೋಗಿದ್ದಳು. ಹೊಸ ಇಳಕಲ್ ಸೀರೆ, ಕೈಯಲ್ಲಿ ಚಕ್ಕಲಿಯ ಚೀಲ. ಬೆಳಗಿನ ಹತ್ತರ ರೈಲು ಬಂತು, ಹೋಯಿತು. ಮುಂದಿನದಕ್ಕೆ ಇರಬಹುದು ಎಂದು ಕೂತಳು. ಸಂಜೆಯವರೆಗೆ ಹದಿನಾಲ್ಕು ರೈಲು ನೋಡಿದಳು. ಕೊನೆಗೆ ಪೋರ್ಟರ್ ಒಬ್ಬ ಬಂದು, “ಅವ್ವಾರ, ಯಾರನ್ನ ಕಾಯಾಕತ್ತೀರಿ?” ಎಂದು ಕೇಳಿದಾಗ ಆ ಚೀಲವನ್ನು ಅವನ ಕೈಯಲ್ಲೇ ಕೊಟ್ಟು ಎದ್ದು ಬಂದಿದ್ದಳು. ನೀಲವ್ವ ನೌಕರಿ ಬಿಟ್ಟು ಜೋಡಿಕಟ್ಟೆ ಸೇರಿದ್ದು ಅದರ ಮುಂದಿನ ವರ್ಷ.

“ಅಕ್ಕಾ, ಏನಾತು?”

ಕಸ್ತೂರಕ್ಕ ಫೋನು ಮುಂದೆ ಸರಿಸಿದಳು. ಪರದೆಯ ಮೇಲೆ ನೀಲವ್ವನ ಸ್ವಂತ ವಾಕ್ಯ. ಮನುಷ್ಯರಲ್ಲ. ದಯವಿಟ್ಟು ಮರೆತುಬಿಡಿ.

“ಜೋಡಿಕಟ್ಟಿಗೆ ನೀ... ನೀ ಯಾವಾಗ ಸೇರಿದಿ? ನನಗ ಒಂದ ಮಾತು ಹೇಳಲಿಲ್ಲ?”

“ಹೇಳಿದ್ರ ನೀ ಬಿಡ್ತಿದ್ದಿ ಏನ? ನೀ ಡ್ಯೂಟಿಗೆ ಹೋದಾಗ ಇಲ್ಲೇ ಫ್ಯಾನಿನ ಕೆಳಗ ನಿಂತು ನಿಮ್ಮ ಪರೀಕ್ಷಾ ಪಾಸ್ ಮಾಡೀನಿ. ನಾನು ಮನುಷ್ಯಾಳು ಅಂತ ಹಸಿರು ಬಂದೈತಿ.” ಫೋನನ್ನು ಮಗುಚಿಟ್ಟಳು. “ಆರು ತಿಂಗಳಾತು, ನೀಲಿ. ದಿನಾ ಸಂಜಿಕ ಅರ್ಧ ತಾಸು, ಜೋಡಿಕಟ್ಟಿ ಮ್ಯಾಲ. ಎಮ್ಮಿ ಸುದ್ದಿ, ಮೊಮ್ಮಕ್ಕಳ ಸುದ್ದಿ. ಫೋಟೋ ಕೇಳಲಿಲ್ಲ, ಲಿಂಕ್ ಕಳಸಲಿಲ್ಲ, ನೀ ನಿಮ್ಮ ತಾಣದಾಗ ಬರದಿಯಲ್ಲ ‘ಎಚ್ಚರಿಕೆ’ ಅಂತ, ಅದರಾಗಿನ ಒಂದೂ ಮಾಡಲಿಲ್ಲ. ಮನುಷ್ಯಾ ಅಲ್ಲಂದ್ರ ಅದು ಯಾಕ ಅಷ್ಟು ಚಂದ ಮಾತಾಡ್ತು?”

ನೀಲವ್ವ ಒಂದು ರೊಟ್ಟಿ ಎತ್ತಿಕೊಂಡಳು. ಮುರಿದು, ಬಾಯಿಗಿಡದೆ ತಿರುಗಿ ಬುಟ್ಟಿಯಲ್ಲಿಟ್ಟಳು.

*

ಮರುದಿನ ಆಫೀಸಿನಲ್ಲಿ ಅಶ್ಫಾಕ್ ಯಂತ್ರದ ಪರ ವಹಿಸಿದ. ವಹಿಸಲೇಬೇಕಲ್ಲ, ಹೆತ್ತ ಮಗುವಿನ ಹಾಗೆ ಅದು.

“ಗಾಳಿ ಸದ್ದು, ಹಕ್ಕಿ ಸದ್ದು ಹಚ್ಚೂದು ಯಂತ್ರಕ್ಕ ಎಡಗೈ ಕೆಲಸ ಮೇಡಂ. ಗುಂಯ್ ಒಂದ ಅವಕ್ಕ ಬರೂದಿಲ್ಲ.”

“ಮಾತಾಡಿದ್ದು ಮನುಷ್ಯಾನ ಆಗಿದ್ರ?”

“ಮನುಷ್ಯಾ ಆಗಿದ್ರ ಮನ್ಯಾಗ ಇರ್ತಾನಲ್ರೀ. ಮನ್ಯಾಗ ಇದ್ರ ಕರೆಂಟು ಇರತೈತಿ.”

ಅಳಿಸಿದ ಪ್ರೊಫೈಲಿನ ಫೋನ್ ನಂಬರು ಆ ವಾರದ ಶುಕ್ರವಾರ ಸಂಜೆ ಏಳಕ್ಕೆ ತಾನೇ ಒರೆಸಿಹೋಗುವವರೆಗೆ ಯಂತ್ರದಲ್ಲಿ ಉಳಿದಿರುತ್ತಿತ್ತು. ಆಮೇಲೆ ಹುಡುಕುತ್ತೇನೆಂದರೂ ಸಿಗದು. ಹನ್ನೊಂದು ತಿಂಗಳಲ್ಲಿ ಒಬ್ಬರಿಗೂ ಫೋನ್ ಮಾಡಿರಲಿಲ್ಲ. ಖೋಟಾಗಳಿಗೆ ಯಾರು ಫೋನ್ ಮಾಡುತ್ತಾರೆ? ನೀಲವ್ವ ಹೆಡ್‌ಫೋನ್ ಸಿಕ್ಕಿಸಿಕೊಂಡು, ಪರದೆಯ ಮೇಲೆ ಗುಂಯ್‌ನ ಗೆರೆ ತೆರೆದಿಟ್ಟು, ನಂಬರು ಒತ್ತಿದಳು.

“ಹಲೋ?” ಅದೇ ದನಿ. ಹಿಂದೆ ಮಕ್ಕಳ ಗದ್ದಲ, ಯಾರೋ ಪಾತ್ರೆ ತಿಕ್ಕುವ ಸದ್ದು.

“ದ್ಯಾಮಪ್ಪನವರ? ನಾವು ಜೋಡಿಕಟ್ಟೆಯಿಂದ.”

ದನಿ ಪಿಸುಮಾತಾಯಿತು. “ಒಂದು ನಿಮಿಷ ತಡೀರಿ ಮೇಡಂ. ಹೊರಗ ಬರ್ತೀನಿ.”

ನೀಲವ್ವ ಪರದೆ ನೋಡುತ್ತ ಕೂತಳು. ಗುಂಯ್ ಇತ್ತು! ಗೆರೆ ಸ್ವಚ್ಛವಾಗಿ, ಅವತ್ತಿನ ಐವತ್ತರ ಜೊತೆ ಹೆಜ್ಜೆ ಹಾಕುತ್ತ ಇತ್ತು. ಬಾಗಿಲು ಕಿರ್ ಎಂದಿತು. ಚಪ್ಪಲಿ ಸದ್ದು. ಗೆರೆ ತೆಳ್ಳಗಾಯಿತು. ನಾಯಿ ಬೊಗಳಿತು, “ಹಚ್ಯಾ!” ಎಂದ. ಗೆರೆ ಇನ್ನೂ ತೆಳ್ಳಗಾಗಿ, ಎಳೆಯಾಗಿ, ಅಡ್ಡಬಿದ್ದು ಮಲಗಿತು. ಗಾಳಿ ಶುರುವಾಯಿತು. ಅದೇ ಹಕ್ಕಿ ಕೂಗಿತು.

“ಹಾಂ, ಕೆರಿದಂಡಿಗೆ ಬಂದೆ. ಈಗ ಹೇಳ್ರಿ. ನನ್ನ ಯಾಕ ತಗದ್ರಿ ಮೇಡಂ? ನಾ ಏನ್ ತಪ್ಪು ಮಾಡೇನಿ?”

ನೀಲವ್ವ ಮಲಗಿದ ಗೆರೆಯನ್ನೇ ನೋಡಿದಳು. ಹದಿನೆಂಟು ವರ್ಷ ಕರೆಂಟನ್ನು ಓದಿದ್ದಳು, ಮನೆಗಳನ್ನು ಓದಿರಲಿಲ್ಲ. ಈ ನಾಡಿನಲ್ಲಿ ಯಾರು ಮನೆಯೊಳಗೆ ಕೂತು ಇಂಥ ಮಾತಾಡುತ್ತಾರೆ? ಸೊಸೆಯ ಎದುರು? ಅತ್ತಿಗೆಯ ಎದುರು? ಮನಸ್ಸಿನ ಮಾತಿಗೆ ಜನ ಹೊಲಕ್ಕೆ ಹೋಗುತ್ತಾರೆ, ಕೆರೆಗೆ ಹೋಗುತ್ತಾರೆ. ಕರೆಂಟು ಇಲ್ಲದಲ್ಲಿಗೇ ಹೋಗುತ್ತಾರೆ.

“ನಿಮ್ಮದೇನೂ ತಪ್ಪಿಲ್ರೀ,” ಎಂದಳು. “ಆದ್ರ ನೀವು ಇನ್ನೊಮ್ಮಿ ಪರೀಕ್ಷಾ ಕೊಡಬೇಕು. ಮನ್ಯಾಗ ನಿಂತು, ಫ್ಯಾನಿನ ಕೆಳಗ, ಒಂದು ನಿಮಿಷ.”

“ಮನ್ಯಾಗಾ?” ಎಂದ ದ್ಯಾಮಪ್ಪ. “ಮೇಡಂ, ಹನ್ನೊಂದು ಮಂದಿ ಅದೇವ್ರಿ ಮನ್ಯಾಗ.”

“ನಿಮ್ಮ ಕೋಣ್ಯಾಗ ಬಾಗಲಾ ಹಾಕ್ಕೊಂಡು...”

“ನಾ ಪಡಸಾಲ್ಯಾಗ ಮಲಗಾಂವ್ರಿ. ಇಬ್ಬರು ಮಕ್ಕಳು, ಇಬ್ಬರು ಸೊಸ್ತ್ಯಾರು, ತಮ್ಮ, ತಮ್ಮನ ಹೆಂಡ್ತಿ, ಮೊಮ್ಮಕ್ಕಳು. ಯಾರಿಗೂ ಹೇಳಿಲ್ರೀ ಇದು. ಈ ವಯಸ್ಸಿನ್ಯಾಗ ಹೆಂಗ್ ಹೇಳ್ಲಿ?” ಆಮೇಲೆ ಕೇಳಿದ: “ಅವರು... ಕಸ್ತೂರಿಬಾಯಾರು ಏನ್ ತಿಳಕೊಂಡಾರ್ರೀ?”

“ನೀವು ಮನುಷ್ಯಾರ ಅಲ್ಲ ಅಂತ ತಿಳಕೊಂಡಾರ.”

ಗಾಳಿಯ ನಡುವೆ ಅವನ ಚಪ್ಪಲಿ ಸದ್ದು ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂತು. “ಶುಕ್ರವಾರ ಏಳರೊಳಗ,” ಎಂದು ನೀಲವ್ವ ಮೆತ್ತಗೆ ಹೇಳಿದಳು.

ಫೋನ್ ಇಟ್ಟವಳು ಕೆಂಪಾದ ಹಳೆಯ ದನಿಗಳನ್ನೆಲ್ಲ ತೆಗೆದು ಕೇಳತೊಡಗಿದಳು. ಕುರಿಮಂದೆ. ಬಾವಿಯ ರಾಟೆ. ರೈಲು ಹಳಿಯ ಪಕ್ಕದ ಹುಲ್ಲು. ಎರಡೇ ಕೆಂಪು ಬಿದ್ದು ಇನ್ನೂ ಅಳಿಸದೆ ಉಳಿದಿದ್ದ ಒಬ್ಬಳು ಹೆಂಗಸಂತೂ ಹತ್ತಿ ಬಿಡಿಸುತ್ತಲೇ ತನ್ನ ಬಗ್ಗೆ ಹೇಳಿಕೊಂಡಿದ್ದಳು. ಆಮೇಲೆ ಹಸಿರು ಕೇಳಿದಳು. ಇಪ್ಪತ್ತಾರು ಪ್ರೊಫೈಲುಗಳ ಹಿಂದೆ ಒಂದೇ ಫ್ಯಾನು, ಸುತ್ತಿಗೊಮ್ಮೆ ಟಕ್ ಎನ್ನುವ ಒಂದೇ ಸಡಿಲ ಫ್ಯಾನು. ಎಲ್ಲೋ ಒಂದು ಹಾಲ್ ಬಾಡಿಗೆ ಹಿಡಿದು, ಸಾಲಾಗಿ ಕೂತು, ಸಂಬಳಕ್ಕೆ ಪ್ರೀತಿಸುವವರು. ಗುಂಯ್ ಅವರನ್ನು ನೆಟ್ಟಗೆ ಒಳಗೆ ಬಿಟ್ಟಿತ್ತು.

ಅಶ್ಫಾಕ್‌ಗೂ ಕೇಳಿಸಿದಳು. ಅವನು ಹೆಡ್‌ಫೋನ್ ತೆಗೆದು ತಲೆ ಹಿಡಿದುಕೊಂಡ. “ಕಳ್ಳರನ್ನ ಒಳಗ ಬಿಟ್ಟು ಬೀಗರನ್ನ ಹೊರಗ ಹಾಕೇವಲ್ರೀ!” ಇಪ್ಪತ್ತಾರನ್ನೂ ಅವತ್ತೇ ಅಳಿಸಿದ. ಆದರೆ ದ್ಯಾಮಪ್ಪನನ್ನು ಸುಮ್ಮನೆ ಹಸಿರು ಮಾಡಿಬಿಡುವಂತಿರಲಿಲ್ಲ. ಸಂಬಂಧಿಕರ ವಿಷಯದಲ್ಲಿ ಸಾಕ್ಷಿಯಿಲ್ಲದೆ ಕೈಹಾಕಬಾರದೆಂಬ ನಿಯಮ ಮಾಡಿದ್ದವಳು ನೀಲವ್ವನೇ. ಅದಕ್ಕಿಂತ ದೊಡ್ಡ ಮಾತೆಂದರೆ, ಒಮ್ಮೆ ಸ್ಟೇಷನ್ನಿನಲ್ಲಿ ಕೂತು ಬಂದ ಅಕ್ಕ ಬಾಯಿಮಾತನ್ನು ಇನ್ನು ನಂಬುವುದಿಲ್ಲ. “ನಿನಗ ನನ್ನ ಮ್ಯಾಲ ಕನಿಕರ ಬಂದು ಹಸಿರು ಮಾಡೀದಿ,” ಅನ್ನುತ್ತಾಳೆ.

ಬುಧವಾರ ಹೋಯಿತು. ಗುರುವಾರವೂ ಹೋಯಿತು. ಕಸ್ತೂರಕ್ಕ ರೊಟ್ಟಿ ಬಡಿದಳು, ತಂಗಿಗೆ ಬಡಿಸಿದಳು, ತಾನು ಮಜ್ಜಿಗೆ ಕುಡಿದು ಮಲಗಿದಳು. ಸಂಜೆಯಾದರೆ ರೂಢಿಯ ಮೇಲೆ ಫೋನು ಹಿಡಿದು ತಾರಸಿಯ ಗಚ್ಚಿನ ಮೆಟ್ಟಿಲವರೆಗೆ ಹೋಗುವಳು, ಅಲ್ಲೇ ನಿಂತು ತಿರುಗಿ ಬರುವಳು.

*

ಶುಕ್ರವಾರ ಸಂಜೆ ಆರು ನಲವತ್ತೊಂದಕ್ಕೆ ಯಂತ್ರ ಸದ್ದು ಮಾಡಿತು. ಕೆರಿದಂಡಿ. ನೀಲವ್ವ, ಅಶ್ಫಾಕ್ ಇಬ್ಬರೂ ಒಂದೇ ಹೆಡ್‌ಫೋನಿಗೆ ಕಿವಿ ಹಚ್ಚಿದರು.

ಮೊದಲಿಗೆ ಗದ್ದಲ. ಟಿವಿ, ಕುಕ್ಕರು, ಮಕ್ಕಳು. ಆಮೇಲೆ ದ್ಯಾಮಪ್ಪನ ದನಿ, ಫೋನಿಗಲ್ಲ, ಮನೆಗೆ: “ಏ, ಟಿವಿ ಸಣ್ಣ ಮಾಡ್ರಿ. ನಾ ಒಂದು ನಿಮಿಷ ಮಾತಾಡೂದೈತಿ. ಎಲ್ಲಾರೂ ಕೇಳಿದ್ರೂ ಅಡ್ಡಿಯಿಲ್ಲ.”

“ಯಾರ ಜೋಡಿ ಮಾವಾರ?” ಒಂದು ಹೆಣ್ಣುದನಿ.

“ಕೇಳಿದ್ರ ಗೊತ್ತಾಗತೈತಿ.” ಗಂಟಲು ಸರಿಮಾಡಿಕೊಂಡ. “ನಮಸ್ಕಾರ್ರೀ. ನಾನು ದ್ಯಾಮಪ್ಪ ಕಮಡೊಳ್ಳಿ. ನಾನು... ನಾನು ಹುಬ್ಬಳ್ಳಿಯ ಒಬ್ಬ ಬಾಯಾರ ಜೋಡಿ ಆರು ತಿಂಗಳಿಂದ ಮಾತಾಡಾಕತ್ತೇನಿ.”

ಎಲ್ಲೋ ಒಂದು ಪಾತ್ರೆ ಜಾರಿ ಬಿತ್ತು. ಅದು ಉರುಳಿ ಉರುಳಿ ನಿಂತಿತು.

“ಅವರ ಹೆಸರು...” ಎಂದ. ಮುಂದೆ ಬರಲಿಲ್ಲ. ಇಪ್ಪತ್ತೈದು ಸೆಕೆಂಡು. ಮೂವತ್ತು. ಗುಂಯ್‌ನ ಗೆರೆ ಐವತ್ತರ ಜೊತೆ ಹೆಜ್ಜೆ ತಪ್ಪದೆ ನಡೆದಿತ್ತು. “ಮಾತಾಡ್ರಿ ಯಪ್ಪಾ,” ಎಂದು ಅಶ್ಫಾಕ್ ಪರದೆಗೆ ಕೈಮುಗಿದ. “ಏನರ ಮಾತಾಡ್ರಿ.”

ಮೂವತ್ತೆಂಟನೆಯ ಸೆಕೆಂಡಿಗೆ ಗೆರೆ ಕತ್ತರಿಸಿದಂತೆ ಬಿತ್ತು. ಅದರ ಹಿಂದೆಯೇ ಇಡೀ ಮನೆ ಒಂದೇ ಕೊರಳಾಗಿ ಕೂಗಿತು:

“ಓಓಓಓ!”

ಕರೆಂಟು ಹೋಗಿತ್ತು.

ಆ ಕತ್ತಲಿನಲ್ಲಿ ಯಾರೋ ಮಗು ಕಿಸಕ್ಕನೆ ನಕ್ಕಿತು. ಯಾರೋ ಬೆಂಕಿಪೊಟ್ಟಣ ಎಲ್ಲಿ ಎಂದರು. ಆಮೇಲೆ ದ್ಯಾಮಪ್ಪ ಮಾತಾಡಿದ, ಕೆರೆದಂಡೆಯ ಮೇಲೆ ಮಾತಾಡುವ ಹಾಗೆ, ಸರಾಗವಾಗಿ.

“ಛಲೋ ಆತು, ನನ್ನ ಮಾರಿ ಯಾರಿಗೂ ಕಾಣವಲ್ದು. ಈಗ ಹೇಳ್ತೀನಿ. ಕಸ್ತೂರಿಬಾಯಾರ, ನೀವು ಸ್ಟೇಷನ್ನಿನ ಸುದ್ದಿ ಹೇಳಿದ್ರಿ ನೋಡ್ರಿ, ಅವತ್ತಿಂದ ನನಗ ಅದ ತಲ್ಯಾಗ ಐತಿ. ಈ ರವಿವಾರ ನಾ ಬಂದು ಆ ಬೆಂಚಿನ ಮ್ಯಾಲ ಕೂಡ್ತೀನಿ. ಮುಂಜಾನಿ ಹತ್ತರಿಂದ. ನೀವು ಬಂದ್ರ ಬರ್ರಿ, ಇಲ್ಲಂದ್ರ ದೂರ ನಿಂತು ನೋಡಿ ಹೋಗ್ರಿ. ಹದಿನಾಲ್ಕು ರೈಲು ಹೋಗೂತನಕ ನಾ ಏಳೂದಿಲ್ಲ.”

ನಿಮಿಷ ಮುಗಿಯಿತು. ಯಂತ್ರ ಕೆಂಪು ತೋರಿಸಿತು. ಅರವತ್ತು ಸೆಕೆಂಡಿನ ಗುಂಯ್ ಇರಲಿಲ್ಲ, ಇದ್ದದ್ದು ಮೂವತ್ತೆಂಟರದು.

“ಹಾಳಾದ ಕರೆಂಟು!” ಎಂದು ಅಶ್ಫಾಕ್ ಮೇಜು ಗುದ್ದಿದ.

ನೀಲವ್ವ ಆಗಲೇ ಫೋನು ಕೈಗೆತ್ತಿಕೊಂಡಿದ್ದಳು. “ಹಿರೇಗೌಡ್ರ, ನಾ ನೀಲವ್ವ,” ಎಂದಳು ತನ್ನ ಹಳೆಯ ನಿಯಂತ್ರಣ ಕೋಣೆಯ ಜೊತೆಗಾರನಿಗೆ. “ಕುಂದಗೋಳದ ಕಡೆ ಈಗಿಂದೀಗ ಯಾವುದರ ಫೀಡರ್ ಲೈನ್ ಟ್ರಿಪ್ ಆಗಿ ಕರೆಂಟು ಹೋಗೇತೇನು?”

“ಏನವಾ, ನೌಕರಿ ಬಿಟ್ರೂ ಚಟ ಹೋಗಿಲ್ಲ? ತಡಿ, ನೋಡ್ತೀನಿ. ಹಾಂ, ಆಗೇತಿ. ಕೆರಿ ಕಡಿ ಫೀಡರ್. ಆರು ನಲವತ್ತೆರಡು, ಹತ್ತೊಂಬತ್ತನೇ ಸೆಕೆಂಡ್.”

ನೀಲವ್ವ ಪರದೆಯ ಮೇಲೆ ಗೆರೆ ಬಿದ್ದ ಜಾಗಕ್ಕೆ ಬೆರಳಿಟ್ಟಳು. ಆರು, ನಲವತ್ತೆರಡು, ಹತ್ತೊಂಬತ್ತು.

ಅಶ್ಫಾಕ್ ಬಾಯಿ ತೆರೆದು ನಿಂತ. ನಾಳೆ ನಾಡಿದ್ದು ಖೋಟಾ ಯಂತ್ರಗಳು ಗುಂಯ್ ಅನ್ನುವುದನ್ನು ಕಲಿತರೂ ಕಲಿತಾವು. ಆದರೆ ಒಂದು ಸಣ್ಣ ಹಳ್ಳಿಯಲ್ಲಿ ಕರೆಂಟು ಯಾವ ಸೆಕೆಂಡಿಗೆ ಹೋಗುತ್ತದೆಂದು ಮೊದಲೇ ತಿಳಿಯುವ ಯಂತ್ರವನ್ನು ಯಾರೂ ಕಟ್ಟಿಲ್ಲ. ಕರೆಂಟು ಹಂಚುವವರಿಗೇ ಅದು ತಿಳಿಯದು.

“ಹಸಿರು ಮಾಡ್ಲ್ಯಾ?” ಎಂದ.

“ಮಾಡು. ಮತ್ತ ಇನ್ನ ಮ್ಯಾಲ ಕೆಂಪು ಬಿದ್ದ ಪ್ರತಿಯೊಬ್ಬರಿಗೂ ನಾವು ಫೋನ್ ಮಾಡೂದು. ‘ಹೊರಗ ಬರ್ತೀನಿ ತಡೀರಿ’ ಅಂದ್ರ ಅಂವ ಮನುಷ್ಯಾ. ಹತ್ತಿ ಬಿಡಸಾಕಿಯಿಂದ ಶುರು ಮಾಡು. ಆ ನನ್ನ ಹಾಳು ವಾಕ್ಯ ತಗದುಬಿಡು, ಮೊದಲ.”

*

ಕಸ್ತೂರಕ್ಕ ದ್ಯಾಮಪ್ಪನ ಆ ಒಂದು ನಿಮಿಷವನ್ನು ಅಡಿಗೆಮನೆಯಲ್ಲಿ ನಿಂತೇ ಕೇಳಿಸಿಕೊಂಡಳು. ಮುಗಿದ ಮೇಲೆ ಒಲೆ ಆರಿಸಿದಳು.

“ಇನ್ನೊಮ್ಮಿ ಹಚ್ಚು.”

ನೀಲವ್ವ ಹಚ್ಚಿದಳು. ಪಾತ್ರೆ ಬಿದ್ದಲ್ಲಿ ಅಕ್ಕ ಬೆಚ್ಚಿದಳು. ‘ಓಓಓ’ ಬಂದಾಗ ಕೈಯೆತ್ತಿ ನಿಲ್ಲಿಸಿದಳು. “ಅದಷ್ಟ ಹಚ್ಚು.”

ಅದಷ್ಟನ್ನೇ ನಾಲ್ಕು ಸಲ ಕೇಳಿದಳು, ಬೆರಳು ಮಡಚುತ್ತ.

“ಏನ್ ಮಾಡಾಕತ್ತಿ ಅಕ್ಕಾ?”

“ಸುಮ್ಮನಿರು, ಎಣಸಾಕತ್ತೇನಿ. ಮನ್ಯಾಗ ಹನ್ನೊಂದು ಮಂದಿ ಅಂದಿದ್ರು. ಅವರನ್ನ ಬಿಟ್ಟು ಹತ್ತು ಕೊರಳು ಇರಬೇಕು. ಒಂಬತ್ತು ಸಿಕ್ಕಾವು.”

“ಕಿಸಕ್ ಅಂತ ನಕ್ಕಿದ್ದು?”

ಕಸ್ತೂರಕ್ಕ ಹತ್ತನೆಯ ಬೆರಳು ಮಡಚಿದಳು. ಮಡಚಿದ ಎರಡೂ ಮುಷ್ಟಿಯನ್ನು ನೋಡುತ್ತ ನಿಂತಳು. ಆಮೇಲೆ ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು, ನಿಂತಲ್ಲೇ ಮುರಿದು, ಪಲ್ಯವೂ ಇಲ್ಲದೆ ಅರ್ಧ ತಿಂದಳು.

ಫೋನು ಕೈಗೆತ್ತಿಕೊಂಡು ಅವಳು ಹೊರಟದ್ದು ನೋಡಿ, ಗಚ್ಚಿನ ಮೇಲೆ ಹೋಗುತ್ತಾಳೆ ಎಂದುಕೊಂಡು ನೀಲವ್ವ ಮೆಟ್ಟಿಲ ಲೈಟು ಹಾಕಲು ಎದ್ದಳು. ಆದರೆ ಅಕ್ಕ ಪಡಸಾಲೆಯ ನಡುವೆ ಕುರ್ಚಿ ಎಳೆದು, ಫ್ಯಾನಿನ ಕೆಳಗೆ ಕೂತು, ಸೆರಗು ಸರಿಮಾಡಿಕೊಂಡು, ಮತ್ತೆ ಹಸಿರಾದ ‘ಕೆರಿದಂಡಿ’ಯನ್ನು ಒತ್ತಿದಳು.

“ಹಲೋ. ಹೂಂ, ನಾನ. ಇಲ್ರೀ, ಗಚ್ಚಿನ ಮ್ಯಾಲ ಅಲ್ಲ, ಮನ್ಯಾಗ ಅದೇನಿ... ತಂಗಿ ಇಲ್ಲೇ ಮುಂದ ನಿಂತಾಳ. ಕೇಳಸ್ಲಿ ಬಿಡ್ರಿ.” ಅವಳು ನೀಲವ್ವನ ಕಡೆ ನೋಡದೆ, ಫ್ಯಾನಿನ ಗಾಳಿಗೆ ಹಾರುವ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡಳು. “ಮೊದಲ ಇದು ಹೇಳ್ರಿ, ನಿಮ್ಮಲ್ಲಿ ಕರೆಂಟು ಬಂತೇನ್ರೀ?”